ಹೀಟ್ ಆದ ಹಳೇ ಪಿಕಪ್: ಹೆಡ್ ಬಿಚ್ಚುವ ಮೊದಲು

ಘಾಟಿಯಲ್ಲಿ ಹಬೆ ಕಕ್ಕಿ ನಿಂತ ಹಳೇ ಡೀಸೆಲ್ ಪಿಕಪ್ ಗ್ಯಾರೇಜಿಗೆ ಬಂದರೆ ಮೊದಲು ಕೇಳುವ ಮಾತು ‘ಹೆಡ್ ಬಿಚ್ಚಬೇಕು’, ಅಂದರೆ ಸಿಲಿಂಡರ್‌ಗಳನ್ನು ಮೇಲಿಂದ ಮುಚ್ಚುವ ಭಾಗ. ಬಿಚ್ಚಬೇಕಾಗಿ ಬರಬಹುದು ಕೂಡ. ಆದರೆ ಪೆಟ್ಟು ಹೆಡ್‌ನಲ್ಲೇ ನಿಂತಿದೆಯೋ, ಕೆಳಗಿನ ಪಿಸ್ಟನ್, ಬೇರಿಂಗ್‌ವರೆಗೂ ಇಳಿದಿದೆಯೋ ಎಂಬುದು ಬಿಚ್ಚುವ ಮೊದಲೇ ಬಹುಮಟ್ಟಿಗೆ ಗೊತ್ತಾಗುತ್ತದೆ. ಎರಡರ ಖರ್ಚಿಗೂ ಅಜಗಜಾಂತರ.

ಡ್ರೈವರ್‌ನನ್ನು ಕೇಳಿ: ಹೀಟ್ ಆದ ಮೇಲೆ ಎಷ್ಟು ದೂರ ಓಡಿಸಿದ? ಇಂಜಿನ್ ತಾನಾಗಿ ನಿಂತಿತೋ, ಆಫ್ ಮಾಡಿದನೋ? ಕಾದ ಇಂಜಿನ್‌ಗೆ ತಣ್ಣೀರು ಹುಯ್ದನೋ? ಹುಯ್ದಿದ್ದರೆ ಹೆಡ್ ಬಿರುಕು ಬಿಟ್ಟಿರುವ ಅನುಮಾನ ಇಟ್ಟುಕೊಂಡೇ ಮುಂದಿನ ಕೆಲಸ. ‘ಹೀಟ್ ಮೀಟರ್ ಮುಳ್ಳು ಮೇಲೇರಲೇ ಇಲ್ಲ’ ಅಂದರೆ ಸುಳ್ಳು ಅನ್ನಬೇಡಿ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರಷ್ಟೇ ಸರಿಯಾಗಿ ತೋರಿಸುತ್ತದೆ. ಹೋಸ್ ಒಡೆದು ನೀರೆಲ್ಲ ಹೋದರೆ ಇಂಜಿನ್ ಸುಡುತ್ತಿರುವಾಗಲೇ ಮುಳ್ಳು ಕೆಳಗಿಳಿಯುವುದುಂಟು. ಹೆಚ್ಚು ಹಾಳಾಗಿರುವುದು ಇಂಥ ಗಾಡಿಗಳೇ.

ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಸಂಪ್‌ನ (ಇಂಜಿನ್ ಅಡಿಯ ಆಯಿಲ್ ತೊಟ್ಟಿಯ) ಡ್ರೈನ್ ನಟ್ಟನ್ನು ಪೂರ್ತಿ ತೆಗೆಯದೆ ನಿಧಾನವಾಗಿ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ಸೇರಿದ್ದರೆ ಮೊದಲು ತೊಟ್ಟಿಕ್ಕುವುದು ಅದೇ. ಡಿಪ್ ಸ್ಟಿಕ್‌ನಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೂ ಅದೇ ಅರ್ಥ. ಆಯಿಲ್ ಹಾಕುವ ಮುಚ್ಚಳದಲ್ಲಿ ಮಾತ್ರ ಒಂದಿಷ್ಟು ಬಿಳಿ ನೊರೆಯಿದ್ದರೆ ಗಾಬರಿ ಬೇಡ. ಚಳಿಯಲ್ಲಿ ಹತ್ತಿರದ ಓಡಾಟ ಮಾತ್ರ ಮಾಡುವ ಗಾಡಿಗೆ ತೇವ ಕಟ್ಟಿಯೂ ಹಾಗಾಗುತ್ತದೆ. ನೀರು ಸಿಕ್ಕಿತು ಅಂದ ಮಾತ್ರಕ್ಕೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ಟೇ ಹೋಗಿದೆ ಎಂದಲ್ಲ: ಆಯಿಲ್ ಕೂಲರ್ ಒಳಗೇ ಸೋರಬಹುದು, ವೆಟ್ ಲೈನರ್ (ಹೊರಮೈಗೆ ನೀರು ತಾಗುವ ಸಿಲಿಂಡರ್ ಕೊಳವೆ) ಇರುವ ಇಂಜಿನ್ ಆದರೆ ಲೈನರ್‌ನ ಕೆಳಗಿನ ರಬ್ಬರ್ ರಿಂಗ್ ಸುಟ್ಟಿರಬಹುದು.

ಸ್ಟಾರ್ಟರ್ ಹೊಡೆಯುವ ಮೊದಲು ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಒಂದೇ ಜಾಗದಲ್ಲಿ ಗಟ್ಟಿಯಾಗಿ ತಡೆದರೆ ಪಿಸ್ಟನ್ ಮೇಲೆ ನೀರು ನಿಂತಿರಬಹುದು. ನೀರನ್ನು ಅದುಮಲು ಬರುವುದಿಲ್ಲ, ಸ್ಟಾರ್ಟರ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ತೆಗೆದು ನೀರು ಹೊರಹಾಕಿ. ಆಮೇಲೂ ಸ್ವಲ್ಪವೂ ತಿರುಗುವುದೇ ಇಲ್ಲವೆಂದರೆ ಇಂಜಿನ್ ಸೀಜ್ ಆಗಿದೆ, ಅಂದರೆ ಒಳಗೇ ಕಚ್ಚಿಕೊಂಡಿದೆ, ಇಂಜಿನ್ ತಿರುಗಿಸಿ ಮಾಡುವ ಮುಂದಿನ ಪರೀಕ್ಷೆಗಳು ಬೇಕಿಲ್ಲ.

ತಿರುಗಿತೆಂದರೆ, ಮತ್ತು ಆಯಿಲ್‌ನಲ್ಲಿ ನೀರಿಲ್ಲವೆಂದರೆ, ಗುಳ್ಳೆ ಪರೀಕ್ಷೆ. ರೇಡಿಯೇಟರ್ ಕಂಠದವರೆಗೆ ತುಂಬಿಸಿ, ಮುಚ್ಚಳ ತೆಗೆದಿಟ್ಟು, ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ. ಸಿಕ್ಕಿಕೊಂಡ ಗಾಳಿ ಒಂದೆರಡು ನಿಮಿಷ ಬಂದು ನಿಲ್ಲುತ್ತದೆ. ನಿಲ್ಲದೆ, ಆಕ್ಸಿಲರೇಟರ್ ಕೊಟ್ಟಷ್ಟೂ ಹೆಚ್ಚಾಗಿ ನೀರನ್ನೇ ಎತ್ತಿ ಚೆಲ್ಲಿದರೆ ಅದು ಸಿಲಿಂಡರ್‌ನ ಗ್ಯಾಸ್. ಮುಚ್ಚಳ ಹಾಕಿದಾಗ, ನೀರಿನ್ನೂ ಬಿಸಿಯಾಗದೆ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯುವುದೂ ಅದರದೇ ಗುರುತು. ಬಣ್ಣ ಬದಲಿಸುವ ದ್ರವದ ಟೆಸ್ಟರ್ ಪೆಟ್ರೋಲ್ ಗಾಡಿಗೆ ಚೆನ್ನ. ಐಡಲ್‌ನಲ್ಲಿ ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ, ಬಣ್ಣ ಬದಲಾಗಲಿಲ್ಲ ಎಂದು ನಿಶ್ಚಿಂತರಾಗಬೇಡಿ.

ಮುಂದೆ ಕಂಪ್ರೆಷನ್, ಅಂದರೆ ಸಿಲಿಂಡರ್‌ನಲ್ಲಿ ಅದುಮಿದ ಗಾಳಿಯ ಒತ್ತಡ, ಅಳೆಯಬೇಕು. ಗೇಜ್ ಡೀಸೆಲ್‌ನದೇ ಇರಲಿ. ಚೆನ್ನಾಗಿರುವ ಇಂಜಿನ್ ಸುಮಾರು 350ರಿಂದ 450 ಪಿಎಸ್‌ಐ ಕೊಡುತ್ತದೆ. ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಅಕ್ಕಪಕ್ಕದ ಎರಡರಲ್ಲಿ ಮಾತ್ರ ಕಡಿಮೆಯಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆ. ಎಲ್ಲದರಲ್ಲೂ ಕಡಿಮೆಯಿದ್ದು, ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ನುಗ್ಗಿದರೆ ರಿಂಗ್‌ಗಳು ಶಾಖಕ್ಕೆ ಬಿಗುವು ಕಳೆದುಕೊಂಡಿವೆ, ಇಲ್ಲವೇ ಲೈನರ್‌ಗೆ ಗೀರು ಬಿದ್ದಿದೆ. ಆಗ ಹೆಡ್ ಕೆಲಸ ಒಂದೇ ಮಾಡಿಸಿದರೆ ದುಡ್ಡು ನೀರಿಗೆ. ಇಂಜಿನ್ ಕಾದ ಮೇಲೆ ಐಡಲ್‌ನಲ್ಲಿ ಆಯಿಲ್ ಲೈಟ್ ಮಿನುಗಿದರೆ ಗೇಜ್ ಹಾಕಿ ಒತ್ತಡ ಅಳೆಯಿರಿ, ಬೇರಿಂಗ್ ನೋಡಲೇಬೇಕಾಗಬಹುದು.

ಹೆಡ್ ಇಳಿಸಿದರೆ ಹಳೇ ಗ್ಯಾಸ್ಕೆಟ್ ಎಸೆಯಬೇಡಿ, ಯಾವ ಸಿಲಿಂಡರ್‌ನ ಉಂಗುರ ಕಪ್ಪಾಗಿ ತುಂಡಾಗಿದೆ ಎಂದು ಅದೇ ತೋರಿಸುತ್ತದೆ. ಹೆಡ್ಡಿನ ಮುಖ ಒರೆಸಿ, ನೆಟ್ಟಗಿನ ಉಕ್ಕಿನ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಇಟ್ಟು ಅಡಿಯಲ್ಲಿ ಫೀಲರ್ ಗೇಜಿನ ತೆಳು ಉಕ್ಕಿನ ಎಲೆ ತೂರಿಸಿ. 0.05 ಮಿ.ಮೀ. ಎಲೆ ಹೋಗದಿದ್ದರೆ ಒಳ್ಳೆಯದು. 0.10 ಎಲೆ ಸಲೀಸಾಗಿ ಹೋದರೆ ಸಾಮಾನ್ಯವಾಗಿ ಫೇಸಿಂಗ್ (ಮುಖವನ್ನು ಯಂತ್ರದಲ್ಲಿ ಸಮತಟ್ಟು ಮಾಡಿಸುವುದು) ಬೇಕು, ಕೊನೆಯ ಮಾತು ಆ ಇಂಜಿನ್‌ನ ಮ್ಯಾನ್ಯುಯಲ್‌ದು. ಬ್ಲಾಕಿನ ಮುಖವನ್ನೂ ಹೀಗೇ ಅಳೆಯಿರಿ, ಇದನ್ನು ಮರೆಯುವವರೇ ಹೆಚ್ಚು. ಬಿರುಕು ಬಹುಪಾಲು ಎರಡು ವಾಲ್ವ್ ಸೀಟುಗಳ ನಡುವೆ. ಕಣ್ಣಿಗೆ ಬೀಳದ್ದು ಬಿಸಿನೀರಿನ ಪ್ರೆಷರ್ ಟೆಸ್ಟ್‌ನಲ್ಲಿ ಸಿಗುತ್ತದೆ, ಫೇಸಿಂಗ್‌ಗೆ ದುಡ್ಡು ಕೊಡುವ ಮೊದಲೇ ಅದನ್ನು ಮಾಡಿಸಿ.

ಹೀಟ್ ಆದದ್ದೇಕೆ ಎಂಬುದು ಸಿಗದಿದ್ದರೆ ಹೊಸ ಗ್ಯಾಸ್ಕೆಟ್ಟೂ ಅದೇ ದಾರಿ ಹಿಡಿಯುತ್ತದೆ. ಫ್ಯಾನ್ ಬೆಲ್ಟ್, ಧೂಳು ಹುಲ್ಲು ಕಟ್ಟಿದ ರೇಡಿಯೇಟರ್, ಬೋರ್‌ವೆಲ್ ನೀರಿನ ಉಪ್ಪುಗಟ್ಟಿದ ಕೊಳವೆ, ರೆಕ್ಕೆ ಸವೆದ ವಾಟರ್ ಪಂಪ್ ನೋಡಿ. ನೀರು ಕಾದಾಗ ರೇಡಿಯೇಟರ್ ದಾರಿ ತೆರೆಯುವ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಮೈಮೇಲೆ 82 ಎಂದು ಕೊರೆದಿದ್ದರೆ ಹೆಚ್ಚೂಕಡಿಮೆ ಅಷ್ಟು ಡಿಗ್ರಿಗೇ ತೆರೆಯಲು ಶುರುವಾಗಬೇಕು. ಹೀಟ್ ಆಗುತ್ತದೆಂದು ಅದನ್ನು ಕಿತ್ತೆಸೆಯುವ ರೂಢಿಯಿದೆಯಲ್ಲ, ಅದು ಕೆಟ್ಟದ್ದು. ಬೈಪಾಸ್ ದಾರಿಯನ್ನು ಥರ್ಮೋಸ್ಟಾಟೇ ಮುಚ್ಚುವ ಇಂಜಿನ್‌ಗಳಲ್ಲಿ, ಅದಿಲ್ಲದಿದ್ದರೆ ಬಿಸಿನೀರಿನಲ್ಲೊಂದು ಪಾಲು ರೇಡಿಯೇಟರ್‌ಗೆ ಹೋಗದೆ ಇಂಜಿನ್‌ನಲ್ಲೇ ಸುತ್ತುತ್ತಿರುತ್ತದೆ.