ನಿಂತು ಹೊಡೆಯೋ ಫ್ಲೋಟ್ ಸರ್ವ್‌ನಿಂದಲೇ ಹೋಮ್ ಮ್ಯಾಚ್ ಉಳಿಸಿಕೊಂಡ್ವಿ – ನನ್ನ ಅನುಭವ

ಹೋದ ವಾಲಿಬಾಲ್ ಸೀಸನ್‌ನ ಕೊನೆ ಹೋಮ್ ಮ್ಯಾಚು, ಐದನೇ ಸೆಟ್ಟು, 10-12ರಲ್ಲಿ ಹಿಂದಿದ್ದ ಟೀಮ್‌ನ 14-12ಕ್ಕೆ ತಂದು ನಿಲ್ಲಿಸಿದ್ದು ನಿಂತಲ್ಲೇ ಹೊಡೆದ ಫ್ಲೋಟ್ ಸರ್ವ್ (ಬಾಲ್ ತಿರುಗದೆ, ಗಾಳಿಯಲ್ಲಿ ಅಲ್ಲಾಡ್ತಾ ಹೋಗೋ ಸರ್ವ್), ಎಗರಿ ಹೊಡೆಯೋ ಜಂಪ್ ಸರ್ವ್ ಅಲ್ಲ. ಇದನ್ನ ಕೂತು ಬರೀತಿರೋದು ಯಾಕಂದ್ರೆ ಎರಡು ಸೀಸನ್‌ನಿಂದ "ಅದು ಮಕ್ಕಳು ಹೊಡೆಯೋ ಸರ್ವ್, ಈ ಲೆವೆಲ್‌ನಲ್ಲಿ ನಡೆಯಲ್ಲ" ಅಂತ ಕೇಳಿ ಕೇಳಿ ಸಾಕಾಗಿತ್ತು. ನಡೀತು. ಅದೂ ಎಲ್ಲರ ಕಣ್ಣೆದುರಿಗೇ, ಉಳೀತೀವೋ ಬೀಳ್ತೀವೋ ಅನ್ನೋ ಮ್ಯಾಚ್‌ನಲ್ಲೇ ನಡೀತು.

ನಾನಿರೋದು ಜರ್ಮನಿಯ ನ್ಯೂರೆಂಬರ್ಗ್ ಹತ್ತಿರ, ಆಡೋದು ಬವೇರಿಯಾದ ಬೆಜಿರ್ಕ್ಸ್‌ಕ್ಲಾಸೆ ಅನ್ನೋ ಜಿಲ್ಲಾ ಮಟ್ಟದ ಲೀಗ್‌ನಲ್ಲಿ. ಇಲ್ಲಿ ಕೆಳಗಿನ ಲೀಗ್‌ಗಳಲ್ಲಿ ಹೋಮ್ ಮ್ಯಾಚ್ ಅಂದ್ರೆ ಸಾಮಾನ್ಯವಾಗಿ ಮೂರು ಟೀಮ್ ಒಂದೇ ದಿನ ಒಂದೇ ಹಾಲ್‌ಗೆ ಬರ್ತವೆ, ಕರೆದವರು ಎರಡು ಮ್ಯಾಚ್ ಆಡ್ಬೇಕು, ಆಗ ಸುಮ್ನೆ ಕೂತಿರೋ ಟೀಮ್‌ನವರೇ ಸೀಟಿ ಹಿಡಿದು ರೆಫ್ರಿ ಆಗ್ಬೇಕು, ಸ್ಕೋರ್ ಶೀಟೂ ಅವರದ್ದೇ. ಬಾಲ್ ಕರೆದವರದ್ದು. ಮೇಲ್ಗಡೆ ಗ್ಯಾಲರಿಲಿ ಮನೆಯಲ್ಲೇ ಮಾಡಿದ ಕೇಕು, ಕಾಫಿ ಮಾರಿ ಟೀಮ್ ಖರ್ಚಿಗೆ ದುಡ್ಡು ಎತ್ತೋದೂ ಕರೆದವರ ಕೆಲಸಾನೇ. 3-0 ಅಥವಾ 3-1 ಗೆದ್ರೆ 3 ಪಾಯಿಂಟ್, 3-2 ಗೆದ್ರೆ 2, 2-3 ಸೋತವರಿಗೂ 1 ಸಿಗುತ್ತೆ. ಆವತ್ತು ನಾವು ಮೊದಲ ಮ್ಯಾಚ್ 0-3 ಸೋತು ಕೂತಿದ್ವಿ, ಎರಡನೇದ್ರಲ್ಲಿ ಕನಿಷ್ಠ 2 ಪಾಯಿಂಟ್ ಬರ್ದಿದ್ರೆ ಕೆಳಗಿನ ಲೀಗ್‌ಗೆ ಹೋಗೋದು ಖಾಯಂ ಆಗಿತ್ತು.

ಟೀಮ್‌ನಲ್ಲಿ ಹೊರಗಿನವನು ನಾನೊಬ್ನೇ. ಹೈಟ್ 170 ಸೆಂ.ಮೀ., ಪಕ್ಕದಲ್ಲಿ ನಿಲ್ಲೋರೆಲ್ಲ 190ರ ಆಸುಪಾಸು, ನೆಟ್ 2.43 ಮೀಟರ್. ಬ್ಲಾಕ್‌ಗೂ ಸ್ಮ್ಯಾಶ್‌ಗೂ ನನ್ನನ್ನ ಯಾರೂ ಲೆಕ್ಕಕ್ಕೆ ಇಡ್ತಿರ್ಲಿಲ್ಲ. ಭಾಷೆ ಇನ್ನೂ ಪೂರ್ತಿ ಕೂತಿರ್ಲಿಲ್ಲ, ರ‍್ಯಾಲಿ ನಡುವೆ ಅವರು ಕೂಗೋದು ನನ್ನ ತಲೆಗೆ ಹೋಗೋವಷ್ಟರಲ್ಲಿ ಬಾಲ್ ನೆಲಕ್ಕೆ ಬಿದ್ದಿರ್ತಿತ್ತು. ಸರ್ವ್ ಒಂದೇ ನೋಡಿ, ಯಾರ ಕೂಗೂ ಬೇಡ, ಯಾರ ಪಾಸೂ ಬೇಡ, ಸೀಟಿ ಆದ್ಮೇಲೆ 8 ಸೆಕೆಂಡ್ ಪೂರ್ತಿ ನನ್ನದು. ಪರದೇಶದಲ್ಲಿ ಟೀಮ್ ಒಳಗೆ ಜಾಗ ಮಾಡ್ಕೋಬೇಕು ಅಂದ್ರೆ ಇದೇ ದಾರಿ ಅಂತ ಆಗ್ಲೇ ತೀರ್ಮಾನ ಮಾಡಿದ್ದೆ.

ಮೊದಲು ಟ್ರೇನರ್ ಹೇಳಿದಂಗೇ ಜಂಪ್ ಸರ್ವ್ ಹಿಡಿದೆ. ಒಂದು ಸೀಸನ್ ಹೋಯ್ತು ಅದಕ್ಕೇ. ವೀಕೆಂಡ್ ಕ್ಯಾಂಪ್ ಒಂದಕ್ಕೆ 150 ಯೂರೋ ಹತ್ರ ಕೊಟ್ಟೆ, ಒಳ್ಳೆ ಕುಷನ್ ಇರೋ ಶೂ ಬೇಕು ಅಂದ್ರು ಅದಕ್ಕೆ ನೂರು ಚಿಲ್ಲರೆ. ಫಲ ಏನಪ್ಪಾ ಅಂದ್ರೆ ಹತ್ತಕ್ಕೆ ನಾಕು ನೆಟ್‌ಗೋ ಹೊರಗೋ, ಒಳಗೆ ಬಿದ್ದಿದ್ದನ್ನ ಎದುರಿನ ಲಿಬೆರೋ, ಅಂದ್ರೆ ಹಿಂದೆ ನಿಂತು ಬಾಲ್ ಎತ್ತೋಕಂತಲೇ ಇರೋ ಆಟಗಾರ, ಆರಾಮಾಗಿ ಎತ್ತಿ ಲಿಫ್ಟರ್ (ಸ್ಮ್ಯಾಶ್‌ಗೆ ಬಾಲ್ ಎತ್ತಿ ಕೊಡೋನು) ತಲೆ ಮೇಲೆ ಇಡ್ತಿದ್ದ. ನನ್ನ ಹೈಟ್‌ಗೆ, ನನ್ನ ಜಂಪ್‌ಗೆ ಆ ಬಾಲ್‌ನಲ್ಲಿ ಸ್ಪೀಡ್ ಇರ್ತಿತ್ತು ಅಷ್ಟೇ, ತೊಂದ್ರೆ ಕೊಡೋ ಅಂಥದ್ದೇನೂ ಇರ್ತಿರ್ಲಿಲ್ಲ. ಡಿಸೆಂಬರ್ ಹೊತ್ತಿಗೆ ಭುಜ ಹಿಡ್ಕೊಳ್ತು, ಡಾಕ್ಟ್ರು ಆರು ಸಲ ಫಿಸಿಯೋಗೆ ಬರೆದುಕೊಟ್ರು, ಇಲ್ಲಿ ಇನ್ಶೂರೆನ್ಸ್ ಇದ್ರೂ ಚೀಟಿಗೆ 10 ಯೂರೋ, ಮೇಲೆ ಖರ್ಚಿನ 10 ಪರ್ಸೆಂಟ್ ನಾವೇ ಕಟ್ಬೇಕು, ಇಪ್ಪತ್ತೈದರ ಹತ್ರ ಆಯ್ತು. ದುಡ್ಡಿಗಿಂತ ಆ ಎರಡು ತಿಂಗಳು ಬೆಂಚ್ ಕಾದಿದ್ದೇ ಹೆಚ್ಚು ಉರೀತು.

ಬೆಂಚ್‌ನಲ್ಲಿ ಕೂತಾಗ್ಲೇ ರಿಸೀವ್, ಅಂದ್ರೆ ಸರ್ವ್ ಎತ್ತಿಕೊಳ್ಳೋದು ಹೆಂಗಿದೆ ಅಂತ, ಬರೆಯೋಕೆ ಶುರು ಮಾಡಿದ್ದು. ಸಣ್ಣ ನೋಟ್‌ಬುಕ್, ಎದುರು ಟೀಮ್‌ನ ಪ್ರತಿ ರಿಸೀವ್‌ಗೆ ಮಾರ್ಕು: ಲಿಫ್ಟರ್ ನಿಂತಲ್ಲೇ ಬಂದ್ರೆ 3, ಓಡ್ಬೇಕಾದ್ರೆ 2, ಸುಮ್ನೆ ಈಚೆಗೆ ತಳ್ಳಿದ್ರೆ 1, ಬಿದ್ರೆ ಸೊನ್ನೆ. ಎರಡು ತಿಂಗಳು ಬರೆದ್ಮೇಲೆ ಕಂಡಿದ್ದು ಏನಂದ್ರೆ ನಮ್ಮ ಲೀಗ್‌ನಲ್ಲಿ ಸ್ಪೀಡ್ ಸರ್ವ್‌ಗೆ ಸರಾಸರಿ 2ರ ಮೇಲೇ ಬರ್ತಿತ್ತು, ಯಾರೋ ವಯಸ್ಸಾದ ಆಟಗಾರ್ರು ಹಿಂದೆ ನಿಂತು ಹೊಡೆಯೋ ಫ್ಲೋಟ್‌ಗೆ ಒಂದೂವರೆ ಅಷ್ಟೇ. ಇದನ್ನ ಟ್ರೇನರ್‌ಗೆ ತೋರಿಸಿದೆ, ನೋಡಿ ನಕ್ಕು ವಾಪಸ್ ಕೊಟ್ರು. ನಾನು ನೋಟ್‌ಬುಕ್ಕನ್ನೇ ನಂಬಿದೆ.

ಇನ್ನು ಕೆಲಸದ ವಿಷ್ಯ. ಟಾಸ್ (ಬಾಲ್ ಮೇಲಕ್ಕೆ ಎಸೆಯೋದು) ಕಮ್ಮಿ, ಮಣಿಕಟ್ಟು ಬಿಗಿ, ಹೊಡೆದ್ಮೇಲೆ ಕೈ ಮುಂದಕ್ಕೆ ಬಿಡೋ ಫಾಲೋ ಥ್ರೂ ಇಲ್ಲ ಅನ್ನೋದೆಲ್ಲ ಆಡೋರಿಗೆ ಗೊತ್ತಿರೋದೇ, ಅದನ್ನ ಬಿಡ್ತೀನಿ. ನಾನು ಬದಲಾಯಿಸಿದ್ದು ನಿಲ್ಲೋ ಜಾಗ. ಇಲ್ಲಿನ ಹಾಲ್ ಹೆಚ್ಚಾಗಿ 27ಕ್ಕೆ 45 ಮೀಟರ್, ಪರದೆ ಇಳಿಸಿದ್ರೆ ಮೂರು ಭಾಗ ಆಗುತ್ತೆ. ಕೋರ್ಟ್ ಅಡ್ಡಕ್ಕೆ ಹಾಕಿದ್ರೆ 27ರಲ್ಲಿ ಆಟಕ್ಕೆ 18 ಹೋಗಿ ಎರಡೂ ಕಡೆ ಹಿಂದೆ ನಾಕೂವರೆ ಮೀಟರ್ ಉಳಿಯುತ್ತೆ. ನಾನು ಅಷ್ಟನ್ನೂ ತಗೊಂಡೆ, ಬೆನ್ನು ಗೋಡೆಗೆ ತಾಗೋ ಹಾಗೆ ನಿಂತೆ. ಗೆರೆ ಪಕ್ಕದಲ್ಲಿ ನಿಂತು ಹೊಡೆದ ಫ್ಲೋಟು ಅಲ್ಲಾಡೋಕೆ ಶುರು ಆಗೋ ಮುಂಚೆನೇ ರಿಸೀವರ್ ಕೈಗೆ ಹೋಗಿರುತ್ತೆ, ನಾಕು ಮೀಟರ್ ಹಿಂದಿನಿಂದ ಬಂದ್ರೆ ಅದು ನೆಟ್ ದಾಟಿದ್ಮೇಲೆ, ರಿಸೀವರ್ ಕೈ ಜೋಡಿಸಿ ಆದ್ಮೇಲೆ ಸರಿಯುತ್ತೆ. ಒಂದು ಗೇಣು ಸರಿದ್ರೂ ಸಾಕು, ಬಾಲ್ ಮುಂಗೈ ಬದ್ಲು ಹೆಬ್ಬೆರಳ ಬುಡಕ್ಕೆ ಬಡಿದು ಪಕ್ಕಕ್ಕೆ ಚಿಮ್ಮುತ್ತೆ. ಆ ಸದ್ದೇ ಬೇರೆ, ಕೇಳಿದ ಕೂಡ್ಲೆ ಗೊತ್ತಾಗ್ಬಿಡುತ್ತೆ.

ಹಾಲ್ ಬಾಡಿಗೆಗೆ ತಗೊಂಡು ಪ್ರಾಕ್ಟೀಸ್ ಮಾಡೋಷ್ಟು ದುಡ್ಡು ಇರ್ಲಿಲ್ಲ. ನಮ್ಮ ಕ್ಲಬ್‌ನ ಮಕ್ಕಳ ಟ್ರೇನಿಂಗ್ ಮುಗಿದು ದೊಡ್ಡೋರದ್ದು ಶುರು ಆಗೋ ಮಧ್ಯೆ ಇಪ್ಪತ್ತು ನಿಮಿಷ ಖಾಲಿ ಬೀಳ್ತಿತ್ತು, ನೆಟ್ ಎತ್ತರ ಮಾಡಿಕೊಡೋದು ನಾನೇ ಅಂತ ಒಪ್ಪಿಕೊಂಡು ಆ ಇಪ್ಪತ್ತು ನಿಮಿಷ ಹಿಡ್ಕೊಂಡೆ. ವಾರಕ್ಕೆ ಎರಡು ದಿನ, ಒಂದೊಂದು ದಿನ ಐವತ್ತು ಅರವತ್ತು ಸರ್ವ್. ಎದುರಿಗೆ ಎರಡು ಮ್ಯಾಟು, ಒಂದು ಲಿಬೆರೋ ಇನ್ನೊಂದು ಲೆಫ್ಟ್ ಅಟ್ಯಾಕರ್ ಅಂದ್ಕೊಂಡು ಅವೆರಡರ ಮಧ್ಯದ ಗ್ಯಾಪ್‌ಗೇ ಹೊಡೀತಿದ್ದೆ. ಮೊದಮೊದಲು ಉದ್ದ ಹೋಗಿ ಎದುರು ಗೋಡೆಗೇ ಬಡೀತಿತ್ತು, ಶಕ್ತಿ ಜಾಸ್ತಿ ಆಗಿ ಅಲ್ಲ, ಕೈ ಬಾಲ್‌ನ ಕೆಳಗೆ ಹೋಗ್ತಿತ್ತು. ಒಂದೂವರೆ ತಿಂಗಳ ಮೇಲೆ ಹತ್ತಕ್ಕೆ ಒಂದು ತಪ್ಪು, ಅಷ್ಟಕ್ಕೆ ಬಂತು.

ಈ ಮಧ್ಯೆ ಬೇರೆ ಪ್ರಯೋಗಗಳೂ ಆದ್ವು. ಫೋನ್‌ನಲ್ಲಿ ಸ್ಲೋ ಮೋಷನ್ 240 ಫ್ರೇಮ್ ಹಾಕಿ ಸ್ಟ್ಯಾಂಡ್ ಮೇಲೆ ಇಟ್ಟು ಎಣಿಸಿದೆ, ಕೈ ಬಿಟ್ಟಿದ್ದರಿಂದ ರಿಸೀವರ್ ಜಾಗದವರೆಗೆ 20 ಮೀಟರ್ ಹತ್ರ, 310ರಿಂದ 330 ಫ್ರೇಮ್, ಅಂದ್ರೆ ಒಂದೂ ಕಾಲು ಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ, ಗಂಟೆಗೆ 55 ಕಿ.ಮೀ. ಆಸುಪಾಸು. ಇದಕ್ಕಿಂತ ಜೋರು ಹೊಡೆದ್ರೆ ನನ್ನ ಕೈಯಲ್ಲಿ ಬಾಲ್ ನೆಟ್ಟಗೆ ಹೋಗ್ತಿತ್ತು, ಮೆತ್ತಗೆ ಹೊಡೆದ್ರೆ ತೇಲಿ ಲಿಬೆರೋ ತೊಡೆ ಮೇಲೆ ಬೀಳ್ತಿತ್ತು. ಆ 55ರ ಹತ್ರಾನೇ ಆಟ ಇರೋದು ಅಂತ ನನ್ನ ಲೆಕ್ಕ, ನಿಮ್ಮ ಕೈಗೆ ಬೇರೆ ಬರಬಹುದು, ಅಳೆದು ನೋಡಿ. ಆಮೇಲೆ ವಾಲ್ವ್, ಬಾಲ್‌ಗೆ ಗಾಳಿ ತುಂಬೋ ತೂತು. ವಾಲ್ವ್ ಎದುರಿಗೆ ಇಟ್ಟು ಹೊಡೆದ್ರೆ ಜಾಸ್ತಿ ಅಲ್ಲಾಡುತ್ತೆ ಅಂತ ಆಡೋರೆಲ್ಲ ಹೇಳ್ತಾರೆ, ನಾನು ಎದುರಿಗೆ, ಹಿಂದಕ್ಕೆ, ಕೆಳಕ್ಕೆ ಮೂರೂ ಮಾಡಿದೆ, ನನಗೆ ವಾಲ್ವ್‌ಗಿಂತ ಪ್ಯಾನೆಲ್ (ಬಾಲ್ ಮೇಲಿನ ಪಟ್ಟಿ) ಯಾವ ಕಡೆ ತಿರುಗಿದೆ ಅನ್ನೋದ್ರಲ್ಲೇ ವ್ಯತ್ಯಾಸ ಕಂಡಿದ್ದು. ನಮ್ಮ ಹಾಲ್‌ನಲ್ಲಿ ಬಳಸೋದು ಮಿಕಾಸಾ ವಿ200ಡಬ್ಲ್ಯೂ, 18 ಪ್ಯಾನೆಲ್‌ನದ್ದು, ಅದನ್ನ ಯಾವ ಕಡೆ ತಿರುಗಿಸಿ ಹಿಡೀತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ಮುಂದಿನ ಸೀಸನ್ ಇನ್ನೂ ಆಡೋದಿದೆ. ಗಾಳಿ ಒತ್ತಡದ ಮೀಟರ್ ಒಂದು 15 ಯೂರೋ ಕೊಟ್ಟು ತಗೊಂಡೆ, ರೂಲ್ ಪ್ರಕಾರ ಚದರ ಸೆಂಟಿಮೀಟರ್‌ಗೆ 0.30ರಿಂದ 0.325 ಕೆ.ಜಿ. ಇರ್ಬೇಕಲ್ಲ, ಅಷ್ಟರೊಳಗೇ ಕೆಳಗಿನ ತುದಿ ನನಗೆ ಚೆನ್ನಾಗಿ ಕೂತ್ಕೊಳ್ತು. ನಂದೇ ಒಂದು ಮ್ಯಾಚ್ ಬಾಲು ಬೇಕೇ ಬೇಕಿತ್ತು, 70ರ ಹತ್ರ ಹೋಯ್ತು, ಅದು ಮಾತ್ರ ಸಾರ್ಥಕ ಖರ್ಚು. ತುಂಬಾ ಎತ್ತರಕ್ಕೆ ಹೊಡೆದು ಲೈಟ್ ಒಳಗಿಂದ ಬೀಳಿಸೋ ಸರ್ವೂ ನೋಡಿದೆ, ಹಾಲ್ ಎತ್ತರ ಏಳು ಮೀಟರ್, ಸೀಲಿಂಗ್‌ಗೆ ತಾಗಿದ್ರೆ ಪಾಯಿಂಟ್ ಅವರಿಗೆ, ಅದನ್ನ ಬೇಗ ಕೈಬಿಟ್ಟೆ.

ಹೋಮ್ ಹಾಲ್‌ನಲ್ಲಿ ಇನ್ನೊಂದು ಅನುಕೂಲ ಇದೆ, ಇದನ್ನ ಹೇಳ್ತೀನಿ. ಅಡ್ಡ ಕೋರ್ಟ್‌ನಲ್ಲಿ ಒಂದು ಕಡೆ ಸಾಮಾನು ಇಡೋ ರೂಮಿನ ದೊಡ್ಡ ಬಾಗಿಲು, ಬರೀ ತಿಳಿ ಮರದ ಬಣ್ಣ, ಬಾಲ್ ನೀಟಾಗಿ ಕಾಣುತ್ತೆ. ಇನ್ನೊಂದು ಕಡೆ ಮೇಲೆ ಗ್ಯಾಲರಿ. ಗ್ಯಾಲರಿ ಕೆಳಗೆ ನಿಂತು ಸರ್ವ್ ಮಾಡಿದ್ರೆ ಎದುರಿನವರಿಗೆ ಹಳದಿ-ನೀಲಿ ಬಾಲು ಜನರ ಜಾಕೆಟ್ಟು, ಸ್ಕಾರ್ಫಿನ ಬಣ್ಣದ ಮಧ್ಯದಿಂದ ಬರುತ್ತೆ. ಅದಕ್ಕೇ ಆವತ್ತು ಕೇಕ್ ಟೇಬಲ್‌ನ ಸರಿಯಾಗಿ ನಮ್ಮ ಕೋರ್ಟ್ ನೇರಕ್ಕೆ ಹಾಕಿಸಿದೆ, ಜನ ಅಲ್ಲೇ ಗುಂಪು ಸೇರ್ತಾರೆ.

ಮ್ಯಾಚ್‌ಗೆ ಬರ್ತೀನಿ. ಮೊದಲ ಸೆಟ್ ಹೋಯ್ತು, ಎರಡನೇದು ಬಂತು, ಮೂರನೇದು ಹೀನಾಯವಾಗಿ ಹೋಯ್ತು, ನಾಲ್ಕನೇದು 27-25ಓ 28-26ಓ ಗೆದ್ವಿ. ಟ್ರೇನರ್ ನನ್ನನ್ನ ಪ್ರತಿ ಸೆಟ್ ಕೊನೆಗೆ ನೆಟ್ ಮಧ್ಯೆ ಬ್ಲಾಕ್ ಮಾಡೋ ಮಿಡಲ್ ಬ್ಲಾಕರ್ ಜಾಗಕ್ಕೆ ಸರ್ವ್‌ಗೆ ಮಾತ್ರ ಇಳಿಸ್ತಿದ್ರು, ಅದೂ ಎರಡನೇ, ನಾಲ್ಕನೇ ಸೆಟ್‌ನಲ್ಲಿ ಸಿಕ್ಕ ಪಾಯಿಂಟ್ ನೋಡಿದ್ಮೇಲೂ ಮುಖ ಸಪ್ಪಗೇ ಇತ್ತು. ಐದನೇ ಸೆಟ್‌ನಲ್ಲಿ ಅವರು 8 ಮುಟ್ಟಿದ್ಮೇಲೆ ಕಡೆ ಬದಲಾಯ್ತು, ನಾವು ಗ್ಯಾಲರಿ ಕಡೆ ಬಂದ್ವಿ. 9-12 ಇದ್ದಾಗ ಅವರ ಸರ್ವ್ ನೆಟ್‌ಗೆ ಹೋಯ್ತು, 10-12. ನನ್ನ ನಂಬರ್ ಫಲಕ ಎತ್ತಿದ್ರು.

ಮೊದಲನೇದು ಗ್ಯಾಪ್‌ಗೆ, ಇಬ್ರೂ ಒಬ್ಬರ ಮುಖ ಒಬ್ರು ನೋಡಿದ್ರು, ಬಾಲ್ ಮಧ್ಯೆ ಬಿತ್ತು. ಎರಡನೇದು ಲೆಫ್ಟ್ ಅಟ್ಯಾಕರ್ ಬಲ ಹೆಗಲಿಗೆ, ಅವನು ಎತ್ತಿದ್ದು ನೇರ ನಮ್ಮ ಕಡೆಗೇ ಬಂತು, ನಮ್ಮವನು ನೆಟ್ ಮೇಲೇ ಹೊಡೆದು ಹಾಕಿದ. 12-12. ಅವರು ಟೈಮ್ ಔಟ್ ತಗೊಂಡ್ರು. ಆ ಮೂವತ್ತು ಸೆಕೆಂಡ್ ನಾನು ಗುಂಪಿಗೆ ಹೋಗ್ಲಿಲ್ಲ, ಏನು ಹೇಳ್ತಾರೋ ಅದು ಅರ್ಧ ಅರ್ಥ ಆಗಿ ತಲೆ ಕೆಡೋದು ಬೇಡ ಅಂತ, ಅಂಗೈ ತೊಡೆಗೆ ಉಜ್ಜಿ ಬಿಸಿ ಮಾಡ್ಕೊಂಡು ಎದುರಿನ ಲಿಬೆರೋ ಎಲ್ಲಿ ನಿಲ್ತಾನೆ ಅಂತಷ್ಟೇ ನೋಡ್ತಿದ್ದೆ. ಅವನು ಎಡಕ್ಕೆ ಎರಡು ಹೆಜ್ಜೆ ಸರಿದು ಅಟ್ಯಾಕರ್‌ನ ಮುಚ್ಚಿಕೊಂಡ, ಆಗ ಬಲಗಡೆ ಮುಂದೆ ಖಾಲಿ. ಸೀಟಿ ಆದ್ಮೇಲೆ ಐದಾರು ಸೆಕೆಂಡ್ ಕಾಯಿಸಿ ಅದೇ ಜಾಗದಿಂದ ಅದೇ ಟಾಸ್‌ನಲ್ಲಿ ಮೆತ್ತಗೆ ಹೊಡೆದೆ, ನೆಟ್ ಪಟ್ಟಿಗೆ ತಾಗಿ ಆಚೆ ಉರುಳ್ತು, 13-12. ಪಟ್ಟಿಗೆ ತಾಗಿದ್ದು ಅದೃಷ್ಟ ಅಂತ ಆಮೇಲೆ ಅಂದ್ರು, ಜಾಗ ನಾನು ಇಟ್ಟಿದ್ದೇ. ಮತ್ತೆ ಟೈಮ್ ಔಟ್, ಅದು ಅವರ ಕೊನೇದು. ಆಮೇಲಿಂದು ಮತ್ತೆ ಉದ್ದಕ್ಕೆ, ಲಿಬೆರೋ ಕೈಯಿಂದಲೇ ಗೋಡೆಗೆ ಹೋಯ್ತು. 14-12, ಗ್ಯಾಲರಿ ಹಲಗೆ ಮೇಲೆ ಕಾಲು ಬಡಿಯೋ ಸದ್ದಿಗೆ ಸೀಟಿನೇ ಸರಿಯಾಗಿ ಕೇಳ್ತಿರ್ಲಿಲ್ಲ.

ಐದನೇದನ್ನ ಅವರು ಹೆಂಗೋ ಎತ್ತಿ ಪಾಯಿಂಟ್ ಮಾಡಿದ್ರು, 14-13, ನನ್ನ ಬದ್ಲು ಲಿಬೆರೋ ಒಳಗೆ ಹೋದ. ಅವರ ಸರ್ವು, ನಮ್ಮ ರಿಸೀವ್ ಚೆನ್ನಾಗಿ ಬಂತು, ಲಿಫ್ಟರ್ ಹಿಂದಕ್ಕೆ ಕೊಟ್ಟ, ನಮ್ಮ ರೈಟ್ ಅಟ್ಯಾಕರ್ ಬ್ಲಾಕ್‌ನ ಬೆರಳಿಗೆ ಹೊಡೆದು ಹೊರಗೆ ಹಾಕಿದ. 15-13. ಟ್ರೇನರ್ ಬಂದು ನೋಟ್‌ಬುಕ್ ತಂದಿದ್ದೀಯಾ ಅಂತ ಕೇಳಿದ್ರು. ಬ್ಯಾಗ್‌ನಲ್ಲೇ ಇತ್ತು, ಕೊಟ್ಟೆ, ಇನ್ನೂ ವಾಪಸ್ ಬಂದಿಲ್ಲ, ಹೊಸದು ಶುರು ಮಾಡಿದ್ದೀನಿ.

ಲೆಕ್ಕ ಹಾಕಿದ್ರೆ ಜಂಪ್ ಸರ್ವ್‌ಗೆ ಹೋಗಿದ್ದು ಫಿಸಿಯೋ ಸೇರಿ 280ರ ಹತ್ರ, ಫ್ಲೋಟ್‌ಗೆ ಬಾಲು, ಮೀಟರು, ಫೋನ್ ಸ್ಟ್ಯಾಂಡು ಎಲ್ಲ ಸೇರಿ ನೂರು ದಾಟಿ ಸ್ವಲ್ಪ. ಈ ಸಲ ಟೀಮ್‌ನಲ್ಲಿ ಇನ್ನಿಬ್ರು ಗೋಡೆಗೆ ಬೆನ್ನು ಕೊಟ್ಟು ನಿಂತು ಪ್ರಾಕ್ಟೀಸ್ ಮಾಡ್ತಿದ್ದಾರೆ. ಹೊರಗಡೆ ಮ್ಯಾಚ್‌ಗಳಲ್ಲಿ ಮಾತ್ರ ಇನ್ನೂ ಇದು ಪೂರ್ತಿ ಕೈಗೆ ಬಂದಿಲ್ಲ, ಎರಡು ಮೂರು ಕ್ಲಬ್‌ನವರು ಮಾಲ್ಟೆನ್ ಬಾಲ್ ಇಡ್ತಾರೆ, ಅದರ ಮೇಲ್ಮೈ ಬೇರೆ, ನನ್ನ ಹಿಡಿತ ಅದಕ್ಕೆ ಹೊಂದಲ್ಲ. ಅದನ್ನೂ ಒಂದು ತಗೊಂಡಿದ್ದೀನಿ, ಸೆಪ್ಟೆಂಬರ್ ಒಳಗೆ ಅದರ ಸ್ಪೀಡ್ ಎಷ್ಟಕ್ಕೆ ಕೂರುತ್ತೆ ಅಂತ ಎಣಿಸಿ ಮುಗಿಸ್ಬೇಕು.