ಬೀಟಲ್ ಕಾರಿನ ಆಟೋಮ್ಯಾಟಿಕ್ ಚೋಕ್: ಕೆಲಸ ಮಾಡುವ ಬಗೆ, ಹೊಂದಿಸುವ ಬಗೆ

1971ರಿಂದ ಫೋಕ್ಸ್‌ವ್ಯಾಗನ್ ಬೀಟಲ್‌ನ 1600 ಎಂಜಿನ್‌ಗೆ ಬಂದ ಸೋಲೆಕ್ಸ್ 34 ಪಿಐಸಿಟಿ-3 ಕಾರ್ಬ್ಯುರೇಟರ್‌ನಲ್ಲಿ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಚೋಕ್, ಅಂದರೆ ತಣ್ಣನೆಯ ಎಂಜಿನ್‌ಗೆ ಗಾಳಿ ಕಡಿಮೆ ಮಾಡುವ ಬಾಗಿಲು, ಎಳೆಯಲು ಗುಂಡಿಯೇ ಇಲ್ಲ. ಆ ಕೆಲಸ ಕಾರ್ಬ್ಯುರೇಟರ್ ಪಕ್ಕದಲ್ಲಿರುವ ದುಂಡನೆಯ ಕಪ್ಪು ಡಬ್ಬಿಯದು. ಇದನ್ನೇ ಎಲಿಮೆಂಟ್ ಅನ್ನುವುದು.

ಎಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಮ್ಯಾನಿಫೋಲ್ಡ್ (ಮಿಶ್ರಣವನ್ನು ಸಿಲಿಂಡರ್‌ಗೆ ಒಯ್ಯುವ ಕೊಳವೆ) ಗೋಡೆಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚು ಬಿಡಬೇಕು. ಎಲಿಮೆಂಟ್ ಒಳಗೆ ಎರಡು ಲೋಹಗಳನ್ನು ಬೆಸೆದ ಸುರುಳಿ ಸ್ಪ್ರಿಂಗ್ ಇದೆ. ತಣ್ಣಗಿದ್ದಾಗ ಅದು ಮೇಲಿನ ಗಾಳಿಯ ಬಾಗಿಲನ್ನು, ಅಂದರೆ ಚೋಕ್ ಪ್ಲೇಟನ್ನು, ಮುಚ್ಚಿ ಹಿಡಿಯುತ್ತದೆ. ಇಗ್ನಿಷನ್ ಹಾಕಿದೊಡನೆ 12 ವೋಲ್ಟ್ ಹರಿದು ಸುರುಳಿ ಬಿಸಿಯಾಗುತ್ತದೆ, ಬಿಗಿತ ಬಿಡುತ್ತದೆ, ಎರಡು ಮೂರು ನಿಮಿಷದಲ್ಲಿ ಪ್ಲೇಟ್ ನೆಟ್ಟಗೆ ನಿಲ್ಲುತ್ತದೆ. ಇದಕ್ಕೆ ಎಂಜಿನ್ ಬಿಸಿಯಾಗಿದೆಯೋ ಇಲ್ಲವೋ ಗೊತ್ತಿಲ್ಲ, ಗೊತ್ತಿರುವುದು ಕರೆಂಟ್ ಮಾತ್ರ. ಇಗ್ನಿಷನ್ ಆನ್ ಮಾಡಿ ಸ್ಟಾರ್ಟ್ ಮಾಡದೆ ಕೂತರೆ ಎಂಜಿನ್ ತಣ್ಣಗಿರುವಾಗಲೇ ಚೋಕ್ ತೆರೆದುಕೊಂಡುಬಿಡುತ್ತದೆ.

ಇನ್ನೊಂದು ಗುಟ್ಟು: ಚೋಕ್ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಸ್ಟಾರ್ಟ್ ಮಾಡುವ ಮೊದಲು ಆಕ್ಸಿಲರೇಟರ್ ಒಮ್ಮೆ ಪೂರ್ತಿ ಒತ್ತಿ ಬಿಡಬೇಕು. ಆಗಲೇ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಕೆಳಗಿನ ಬಾಗಿಲು) ಲಿವರ್‌ನ ಸ್ಕ್ರೂ ಮೆಟ್ಟಿಲು ಕಚ್ಚಿನ ಕ್ಯಾಮ್‌ನಿಂದ ಸರಿದು ಪ್ಲೇಟ್‌ಗೆ ದಾರಿ ಬಿಡುವುದು. ಮೂರ್ನಾಲ್ಕು ಸಲ ಪಂಪ್ ಮಾಡಿದರೆ ಪೆಟ್ರೋಲ್ ತುಂಬಿ ಎಂಜಿನ್ ಫ್ಲಡ್ ಆಗುತ್ತದೆ, ಅಷ್ಟೆ.

ಹೊಂದಿಸುವ ಕೆಲಸ ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ ಮೇಲೆ, ಇಗ್ನಿಷನ್ ಆಫ್ ಇರುವಾಗ. ಏರ್ ಕ್ಲೀನರ್ ಬಿಚ್ಚಿ ಪ್ಲೇಟನ್ನು ಬೆರಳಿನಿಂದ ಅಲುಗಾಡಿಸಿ ನೋಡಿ. ಎಲ್ಲಾದರೂ ಹಿಡಿದಂತಾದರೆ ಅದರ ಕಡ್ಡಿಗೆ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಎಣ್ಣೆ ಹಾಕಬೇಡಿ, ದೂಳು ಕೂತು ಇನ್ನಷ್ಟು ಬಿಗಿಯಾಗುತ್ತದೆ. ಎಲಿಮೆಂಟ್‌ನ ಉಂಗುರ ಹಿಡಿದಿರುವ ಮೂರು ಸ್ಕ್ರೂಗಳನ್ನು ಸಡಿಲಿಸಿ, ಕಳಚಬೇಡಿ. ಎಲಿಮೆಂಟ್ ಹೊರಬಂದರೆ ಸುರುಳಿಯ ಕೊಕ್ಕೆ ಒಳಗಿನ ಲಿವರ್‌ನಿಂದ ತಪ್ಪುತ್ತದೆ, ಮತ್ತೆ ಸಿಕ್ಕಿಸದಿದ್ದರೆ ಎಷ್ಟು ತಿರುಗಿಸಿದರೂ ಪ್ಲೇಟ್ ಅಲ್ಲಾಡುವುದಿಲ್ಲ. ಎಲಿಮೆಂಟ್ ಮೇಲಿನ ಗೀರು ಕಾರ್ಬ್ಯುರೇಟರ್ ಮೇಲಿನ ಮೂರು ಗುರುತುಗಳಲ್ಲಿ ನಡುವಿನದಕ್ಕೆ ಕೂಡಬೇಕು ಎಂಬುದು ಕಾರ್ಖಾನೆಯ ಲೆಕ್ಕ. ಆದರೆ ಹಳೆಯ ಸ್ಪ್ರಿಂಗ್‌ಗೆ ಆ ಗುರುತು ನೆಚ್ಚಬೇಡಿ. ಥ್ರಾಟಲ್ ಅರ್ಧ ತೆರೆದು ಹಿಡಿದು, ಪ್ಲೇಟ್ ಈಗಷ್ಟೇ ಮುಚ್ಚಿತು ಅನ್ನುವಲ್ಲಿಗೆ ಎಲಿಮೆಂಟ್ ತಿರುಗಿಸಿ ಸ್ಕ್ರೂ ಬಿಗಿ ಮಾಡಿ. ಬೆಂಗಳೂರಿನಂಥ ಹವೆಗೆ ಅಷ್ಟು ಸಾಕು, ಅದಕ್ಕಿಂತ ಬಿಗಿ ಬೇಡ.

ಈಗ ಸ್ಟಾರ್ಟ್ ಮಾಡಿ. ಎಂಜಿನ್ ಹಿಡಿದ ಕ್ಷಣವೇ ಪ್ಲೇಟ್ ತುಸು ತೆರೆಯಬೇಕು, ಅದು ವ್ಯಾಕ್ಯೂಮ್ ಡಯಾಫ್ರಮ್‌ನ, ಅಂದರೆ ಎಂಜಿನ್ ಹೀರುವಿಕೆಗೆ ಸರಿಯುವ ತೆಳು ಪೊರೆಯ, ಎಳೆತ. ತೆರೆಯದೆ ಕಪ್ಪು ಹೊಗೆ ಬಂದರೆ ಡಯಾಫ್ರಮ್ ಹರಿದಿರಬಹುದು. ಐದು ನಿಮಿಷವಾದರೂ ಪ್ಲೇಟ್ ನೆಟ್ಟಗಾಗದಿದ್ದರೆ ವೈರ್ ನೋಡಿ. ಅದು ಇಗ್ನಿಷನ್ ಕಾಯಿಲ್‌ನ 15ನೇ ಟರ್ಮಿನಲ್‌ಗೆ, ಅಂದರೆ ಪಾಸಿಟಿವ್‌ಗೆ, ಹೋಗಬೇಕು. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್ಚು) ಕಡೆಯ 1ನೇ ಟರ್ಮಿನಲ್‌ಗೆ ಸಿಕ್ಕಿಸಿದರೆ ಚೋಕ್ ಜೊತೆಗೆ ಕಿಡಿಯೂ ಕೆಡುತ್ತದೆ.

ಅತಿ ಹೆಚ್ಚು ಕೆಡಿಸುವುದು ಮೆಟ್ಟಿಲು ಕ್ಯಾಮ್‌ಗೆ ತಗಲುವ ಸ್ಕ್ರೂವನ್ನು. ಐಡಲ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ತಿರುಗುವ ವೇಗ) ಏರಿಸಲು ಅದನ್ನೇ ತಿರುವುತ್ತಾರೆ, ಅದು ಐಡಲ್ ಸ್ಕ್ರೂ ಅಲ್ಲ! ಎಂಜಿನ್ ಬಿಸಿಯಾಗಿ ಪ್ಲೇಟ್ ಪೂರ್ತಿ ತೆರೆದ ಮೇಲೆ ಅದನ್ನು ಕ್ಯಾಮ್ ಬಿಡುವವರೆಗೆ ಹಿಂದಕ್ಕೆ ತನ್ನಿ, ಮತ್ತೆ ತಗಲುವಷ್ಟು ಒಳಗೆ ತಿರುಗಿಸಿ, ಮೇಲೆ ಕಾಲು ಸುತ್ತು ಕೊಡಿ. ಐಡಲನ್ನು ಸುಮಾರು 850 ಆರ್‌ಪಿಎಂಗೆ ತರುವುದು ಪಕ್ಕದ ದಪ್ಪ ಬೈಪಾಸ್ ಸ್ಕ್ರೂನಿಂದ.

ಇಷ್ಟೆಲ್ಲ ಮಾಡಿಯೂ ಬೆಳಗಿನ ಹೊತ್ತು ಗೇರ್ ಹಾಕಿದಾಗ ಎಂಜಿನ್ ತಡವರಿಸಿದರೆ ಚೋಕನ್ನು ಬಿಟ್ಟು ಮ್ಯಾನಿಫೋಲ್ಡ್ ಅಡಿಯ ಸಣ್ಣ ಹೀಟ್ ರೈಸರ್ ಕೊಳವೆ (ಬಿಸಿ ಹೊಗೆ ಹಾಯಿಸಿ ಮ್ಯಾನಿಫೋಲ್ಡನ್ನು ಬಿಸಿ ಮಾಡುವುದು) ನೋಡಿ. ಎಂಜಿನ್ ಸ್ವಲ್ಪ ಹೊತ್ತು ಓಡಿದ ಮೇಲೆ ಅದರ ಎರಡೂ ತುದಿ ಬಿಸಿಯಾಗಿರಬೇಕು. ಒಂದು ತುದಿ ತಣ್ಣಗಿದ್ದರೆ ಒಳಗೆ ಇಂಗಾಲ ಕಟ್ಟಿಕೊಂಡಿದೆ. ಮ್ಯಾನಿಫೋಲ್ಡ್ ಬಿಚ್ಚಿ, ಗಟ್ಟಿ ತಂತಿ ತೂರಿಸಿ ಕೆರೆದು ತೆಗೆಯಬೇಕು.