ಡಬ್ಬಿಯಿಲ್ಲದ ಸ್ಪೀಕರ್‌ಗೆ ಬೇಸ್ ಬಂದ ಬಗೆ

ಓಪನ್ ಬ್ಯಾಫಲ್ ಅಂದ್ರೆ ಪ್ಲೈವುಡ್ ಹಲಗೆಗೆ ತೂತು ಕೊರೆದು ಡ್ರೈವರ್ (ಸದ್ದು ಹೊರಡಿಸುವ ಸ್ಪೀಕರ್ ಭಾಗ) ಕೂರಿಸೋದು, ಅಷ್ಟೇ. ಹಿಂದೆ ಡಬ್ಬಿ ಇಲ್ಲ. 18 ಎಂಎಂ ಪ್ಲೈ, 8 ಇಂಚಿನ ಫುಲ್‌ರೇಂಜ್ (ತಗ್ಗು, ಎತ್ತರ ಎಲ್ಲ ಸ್ವರವನ್ನೂ ಒಂದೇ ನುಡಿಸುವ) ಡ್ರೈವರ್ ಹಾಕಿದ್ದೆ. ಹಾಡುವವರ ದನಿ ಬಲು ಬಿಡಿಬಿಡಿಯಾಗಿ ಕೇಳುತ್ತಿತ್ತು. ತಬಲಾದ ಡಗ್ಗಾ ಮಾತ್ರ ಸಪ್ಪೆ, ಬೇಸ್ (ತಗ್ಗು ಸ್ವರ) ಇಲ್ಲ.

ಡ್ರೈವರ್‌ನ ಕೋನ್ (ಅಲುಗುವ ಆಲಿಕೆಯಂಥ ಭಾಗ) ಮುಂದೆ ಗಾಳಿ ತಳ್ಳುವಾಗಲೇ ಹಿಂದೆ ಎಳೆಯುತ್ತದೆ. 50 ಹರ್ಟ್ಸ್ ಅಲೆಯ ಉದ್ದ ಸುಮಾರು 7 ಮೀಟರ್. ಅದಕ್ಕೆ ಅರ್ಧ ಮೀಟರ್ ಹಲಗೆ ಯಾವ ಲೆಕ್ಕ? ಹಿಂದಿನ ಅಲೆ ಅಂಚು ಸುತ್ತಿ ಬಂದು ಮುಂದಿನದನ್ನು ಅಳಿಸಿಬಿಡುತ್ತದೆ. ಆಂಪ್ಲಿಫೈಯರ್‌ನಲ್ಲಿ ಬೇಸ್ ಏರಿಸಿದರೆ ಕೋನ್ ಸುಮ್ನೆ ಒದ್ದಾಡುತ್ತದೆ.

ಹಲಗೆಯ ಎರಡೂ ಬದಿಗೆ 25 ಸೆಂ.ಮೀ. ಆಳದ ರೆಕ್ಕೆಗಳನ್ನು ಹಿಂದಕ್ಕೆ ಚಾಚಿ ಸ್ಕ್ರೂ ಮಾಡಿದೆ. ಹಿಂದಿನ ಅಲೆಗೆ ದಾರಿ ಉದ್ದವಾಯ್ತು. ಗೋಡೆಯಿಂದ 1 ಮೀಟರ್ ಮುಂದಕ್ಕೂ ಎಳೆದೆ. (ಮನೆಯಲ್ಲಿ ಇದಕ್ಕೇ ಗೊಣಗಾಟ ಜಾಸ್ತಿ.) ಡಗ್ಗಾದ ‘ಘೇ’ ಈಗ ತುಂಬಿಕೊಂಡು ಬರುತ್ತದೆ.

ಒಂದು ಝರಝರ ಸದ್ದು ಉಳಿದಿತ್ತು. ಹಲಗೆಯ ಹಿಂದೆ ಬೆರಳಾಡಿಸಿದಾಗ ಸಿಕ್ಕಿತು, ಪ್ಲೈಗೆ ತಾಗುತ್ತಿದ್ದ ವೈರ್. ಅದರ ಕೆಳಗೆ ಫೋಮ್ ತುಂಡು ಅಂಟಿಸಿದೆ.

ರೆಕ್ಕೆ ಇನ್ನೂ ಆಳ ಮಾಡಿದರೆ ಕೊಳವೆಯೊಳಗಿನ ದನಿ ಶುರುವಾಗುತ್ತದೆ. ಡ್ರೈವರ್ ಕೊಳ್ಳುವವರು ಕ್ಯೂಟಿಎಸ್ (ಕೋನ್‌ನ ಅಲುಗಾಟಕ್ಕೆ ಎಷ್ಟು ತಡೆ ಇದೆ ಎಂದು ಹೇಳುವ ಅಂಕಿ) 0.7ರ ಆಸುಪಾಸು ಇರುವುದನ್ನು ನೋಡಿ. 40 ಹರ್ಟ್ಸ್‌ಗಿಂತ ಕೆಳಗೆ ಬೇಕಾದರೆ ಬೇರೆ ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ಇಡೋದೇ ವಾಸಿ.